ಬಾಂದಕಲ್ಲಿನ ಕೆಳಗಿನ ಇದ್ದಿಲು

ನಮ್ಮ ಮಾವ ಅಣವೀರಪ್ಪನವರಿಗೆ ಈ ವರ್ಷ ಎರಡೂ ಕಣ್ಣಿನ ಪೊರೆ ತೆಗೆದರು, ಹದಿನೈದು ದಿನದ ಅಂತರದಲ್ಲಿ. ಒಂದೂವರೆ ತಿಂಗಳು ಪೇಪರ್ ಓದಬಾರದು, ಟಿವಿ ನೋಡಬಾರದು, ಧೂಳಿಗೆ ಹೋಗಬಾರದು, ತಲೆ ಬಗ್ಗಿಸಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿ ಕಳಿಸಿದ್ದರು. ತಲೆ ಬಗ್ಗಿಸಬಾರದೆಂದು ನಮ್ಮ ಮಾವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಪ್ಪತ್ತು ವರ್ಷದಲ್ಲಿ ಯಾರ ಮುಂದೆಯೂ ಬಗ್ಗಿಸಿದವರಲ್ಲ.

ನಾನು ಭುವನೇಶ್ವರಿ, ಈ ಮನೆಯ ಹಿರಿ ಸೊಸೆ. ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಮನೆ; ಹೊಲ, ಬಾಳೆ ತೋಟ ಎಲ್ಲ ಕಮಲಾಪುರದಲ್ಲಿ. ಅಲ್ಲಿಯ ಕಟ್ಟೆಯ ಮೇಲೆ ಮಾವ ಮೂವತ್ತು ವರ್ಷದಿಂದ ಪಂಚರಾಗಿ ಕೂತವರು. ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಜಗಳ, ದನ ಮೇಯ್ದ ತಕರಾರು, ಏನೇ ಇರಲಿ ಜನ ಬಸ್ಸು ಹತ್ತಿ ನಮ್ಮ ಪಡಸಾಲೆಗೂ ಬರುತ್ತಾರೆ. ಬಂದವರಿಗೆಲ್ಲ ಚಹಾ ಕಾಸಿ ಕಾಸಿ ನನ್ನ ಕೈ ಸವೆದಿದೆ, ಆ ಮಾತು ಬೇರೆ.

ಕಿರಿ ಸೊಸೆ ಪ್ರೀತಿ. ನನ್ನ ಮೈದುನ ವಿವೇಕಾನಂದ ಪ್ರೀತಿಸಿ ಮದುವೆಯಾದ ಹುಡುಗಿ, ಕಮಲಾಪುರದ ಕ್ರೈಸ್ತರ ಮನೆಯವಳು. ಎರಡು ವರ್ಷದ ಹಿಂದೆ ನಮ್ಮವರೆಲ್ಲ ಕುಣಿದಾಡಿದಾಗ, "ಹುಡುಗಿ ಖರೇ ಮಾತಾಡ್ತಾಳ, ನನಗಷ್ಟ ಸಾಕು" ಎಂದು ಮಾವ ಒಂದೇ ಮಾತಿನಲ್ಲಿ ಮುಗಿಸಿದ್ದರು. ನನಗೆ ಮುಗಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಆಕೆ ಪ್ರಾರ್ಥನೆಗೆ, ನಾನು ಹಂಚಿನ ಮುಂದೆ. ಎಂಟು ಜನರ ರೊಟ್ಟಿ ಬಡಿಯುತ್ತಾ ನಾನು ಆಕೆಯ ದೇವರ ಜೊತೆಗೂ ಜಗಳವಾಡಿದ್ದೇನೆ.

ಆಪರೇಷನ್ ಆದ ಮೇಲೆ ಮಾವನಿಗೆ ಹೊತ್ತು ಹೋಗದಾಯಿತು. ಪೇಪರನ್ನು ನಾನು ಓದಿ ಹೇಳಿದರೆ ಅರ್ಧ ತಾಸು. ಆಮೇಲೆ ಕರಿ ಕನ್ನಡಕ ಹಾಕಿಕೊಂಡು ಹೊರಸಿನ ಮೇಲೆ ಕೂತು ಎಲ್ಲರ ಮೇಲೂ ಹರಿಹಾಯುವುದು.

"ವಚನ ಓದ್ಲೇನ್ರಿ ಮಾವಾರ?" ಎಂದೆ.

"ಅವು ನನಗ ಬಾಯಿಪಾಠ ಅದಾವ. ಗೊತ್ತಿದ್ದದ್ದು ಕೇಳಿ ಏನ್ ಮಾಡ್ಲಿ? ಏ ಪ್ರೀತಿ, ನಿಮ್ಮ ಸತ್ಯವೇದದಾಗ ನ್ಯಾಯ ಪಂಚಾಯಿತಿ ಮಾಡಿದ್ದು ಏನರ ಅದಾವೇನು?"

"ಭಾಳ ಅದಾವ್ರಿ ಮಾಮಾ. ಹಳೆ ಒಡಂಬಡಿಕಿ ತುಂಬಾ ಅದೇ."

"ಹಂಗಾರ ಓದು. ಆದ್ರ ಒಂದು ಮಾತು. ತೀರ್ಪು ಬಂತಂದ್ರ ಅಲ್ಲೇ ನಿಲ್ಲಿಸು. ಮೊದಲ ನಾ ಹೇಳ್ತೀನಿ. ಆಮ್ಯಾಲ ನಿಮ್ಮ ದೇವರು ಏನಂದಾನ ನೋಡೋಣಂತ."

ಹೀಗೆ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಪ್ರೀತಿ ಕಪ್ಪು ರಟ್ಟಿನ ಪುಸ್ತಕ ತೆಗೆದು ಕೂರುವಳು. ಅತ್ತೆ ಕಸ್ತೂರಿಬಾಯಿ ಬತ್ತಿ ಹೊಸೆಯುತ್ತಾ, ನಾನು ಹೆಸರುಬೇಳೆ ಆರಿಸುತ್ತಾ ಕೇಳುತ್ತಿದ್ದೆವು. ಅಣ್ಣ ತಮ್ಮನನ್ನು ಹೊಲದಲ್ಲಿ ಕೊಂದ ಪ್ರಕರಣ ಮೊದಲು ಬಂತು. "ಊರು ಬಿಡಿಸಬೇಕು. ಅವ ಬಿತ್ತಿದ ನೆಲ ಅವನಿಗಿ ಬೆಳಿ ಕೊಡಬಾರ್ದು" ಎಂದರು ಮಾವ. ಪ್ರೀತಿ ಓದಿದಳು. ಅವರ ದೇವರೂ ಅದನ್ನೇ ಹೇಳಿದ್ದ! ಮಾವ ಮೀಸೆಯ ಮೇಲೆ ಕೈಯಾಡಿಸಿಕೊಂಡರು.

ಇಬ್ಬರು ತಾಯಂದಿರು ಒಂದು ಕೂಸಿಗೆ ಬಡಿದಾಡಿದ್ದು, ಸೊಲೊಮೋನ ರಾಜ ಕತ್ತಿ ತರಿಸಿದ್ದು ಬಂದಾಗ ಮಾತ್ರ ಮಾವ ಒಪ್ಪಲಿಲ್ಲ.

"ಕತ್ತಿ ಯಾಕ ಬೇಕಿತ್ತು? ಸೂಲಗಿತ್ತಿನ ಕರಸಿದ್ರ ಮುಗೀತಿತ್ತು. ಸಾಕ್ಷಿನೇ ತಗೋಲಿಲ್ಲಲ್ಲ ಅವ."

ಅತ್ತೆ ನಕ್ಕು ನಕ್ಕು ಬತ್ತಿಯನ್ನೆಲ್ಲ ಚೆಲ್ಲಿಕೊಂಡರು. "ನೀವು ಆ ರಾಜನ ಕಾಲದಾಗ ಇರಬೇಕಿತ್ತು ನೋಡ್ರಿ!"

ನಾಲ್ಕು ವಾರ ಮನೆಯಲ್ಲಿ ಅಂಥ ಖುಷಿ ಇತ್ತು. ನಾನೂ ಮಧ್ಯಾಹ್ನದ ಕೆಲಸ ಬೇಗ ಬೇಗ ಮುಗಿಸಿ ಬಂದು ಕೂರುತ್ತಿದ್ದೆ. ಪ್ರೀತಿಯ ಮೇಲಿನ ಸಿಟ್ಟೂ ಇಳಿದಿತ್ತು, ಆಕೆಗೆ ಹೇಳಲಿಲ್ಲ ಅಷ್ಟೇ.

ಅದೇ ಹೊತ್ತಿಗೆ ನಮ್ಮನೆಯವರು ತೋಟಕ್ಕೆ ಬೇಲಿ ಹಾಕಿಸಲು ಹೊರಟಿದ್ದರು. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಇಲ್ಲಿ ಹೇಳದಿದ್ದರೆ ಗೊಂದಲವಾಗುತ್ತದೆ: ಸುನೀಲಕುಮಾರ. ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಉಳಿದ ಕಲ್ಲುಕಂಬಗಳು ಅಗ್ಗಕ್ಕೆ ಸಿಕ್ಕವೆಂದು ಲಾರಿ ತುಂಬಿಸಿ ಕಮಲಾಪುರಕ್ಕೆ ಇಳಿಸಿದ್ದರು. ಒಂದು ಸಂಜೆ ಬೈಕ್ ನಿಲ್ಲಿಸಿ ಉರಿಯುತ್ತಾ ಒಳಗೆ ಬಂದರು.

"ಅಪ್ಪಾ, ಗುರುಲಿಂಗ ಬಂದು ಅಡ್ಡ ನಿಂತಾನ. ಬೇಲಿ ಹಾಕಬ್ಯಾಡ, ನಮ್ಮ ಹತ್ತು ಗುಂಟೆ ಅದ ಅಂತಾನ. ಅವರವ್ವ ಬಂಡಮ್ಮ ಅಂತೂ ಕಂಬದ ಮ್ಯಾಲ ಬಂದು ಕೂತಾಳ."

"ಮುಗದ ಮಾತದು" ಎಂದರು ಮಾವ. ಇಷ್ಟೇ ಅಂದು ಗೋಡೆ ಕಡೆ ತಿರುಗಿದರು.

ಮುಗಿದ ಮಾತೆಂದೇ ನಾವೆಲ್ಲ ತಿಳಿದಿದ್ದೆವು. ಇಪ್ಪತ್ತೆರಡು ವರ್ಷದ ಹಿಂದಿನದು. ನಮ್ಮ ಹೊಲಕ್ಕೆ ಹೊಂದಿಕೊಂಡು ಬಂಡಮ್ಮನ ಗಂಡ ಕಾಶಿರಾಯನ ಹೊಲ. ನಡುವಿನ ಗಡಿಯ ಬಾಂದಕಲ್ಲನ್ನು ಮಾವ ಅವನ ಹೊಲದೊಳಕ್ಕೆ ಸರಿಸಿದ್ದಾರೆ, ಹತ್ತು ಗುಂಟೆ ನೆಲ, ಹಳೆ ಬಾವಿ ಎರಡೂ ಹೋದವು ಎಂದು ಕಾಶಿರಾಯ ಕಟ್ಟೆಗೆ ಬಂದಿದ್ದ. ನಮ್ಮ ಕಡೆ ಬಾಂದಕಲ್ಲು ಹೂಳುವಾಗ ಅಡಿಗೆ ಇದ್ದಿಲು ಹಾಕುತ್ತಾರೆ. ಇದ್ದಿಲು ಕೊಳೆಯುವುದಿಲ್ಲ, ನೂರು ವರ್ಷವಾದರೂ ಕಲ್ಲಿನ ಜಾಗ ಇದೇ ಎಂದು ಸಾಕ್ಷಿ ಹೇಳುತ್ತದೆ. ಪಂಚರು ಕಲ್ಲು ಕಿತ್ತು ನೋಡಿದರು. ಕೆಳಗೆ ಇದ್ದಿಲಿತ್ತು. "ಹಳೆ ಜಾಗಾನೂ ಅಗದು ನೋಡ್ರಿ" ಎಂದು ಕಾಶಿರಾಯ ಬಡಿದುಕೊಂಡರೂ ಯಾರೂ ಅಗೆಯಲಿಲ್ಲ. ಅಣವೀರಪ್ಪನವರ ಮೇಲೆ ಅನುಮಾನವೇ! ಕಾಶಿರಾಯ ಸುಳ್ಳುಗಾರನೆಂದು ಊರು ತೀರ್ಮಾನಿಸಿತು. ಆರು ವರ್ಷದ ಮೇಲೆ ಆತ ತೀರಿಕೊಂಡ.

ಮರುದಿನ ಪ್ರೀತಿ ಎಂದಿನಂತೆ ಪುಸ್ತಕ ತೆರೆದಳು. ಅಹಾಬನೆಂಬ ರಾಜ. ಅವನ ಅರಮನೆಗೆ ಹೊಂದಿಕೊಂಡು ನಾಬೋತನೆಂಬ ರೈತನ ದ್ರಾಕ್ಷಿ ತೋಟ. ನನಗೆ ಕೊಡು, ಕಾಯಿಪಲ್ಲೆ ಹಾಕುತ್ತೇನೆ ಎಂದು ರಾಜ ಕೇಳಿದ. ಹಿರಿಯರ ಹೊಲ, ಕೊಡುವುದಿಲ್ಲ ಎಂದ ರೈತ. ರಾಜ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ರಾಣಿ ಇಬ್ಬರು ಸುಳ್ಳು ಸಾಕ್ಷಿ ಹುಟ್ಟಿಸಿ, ಆ ರೈತ ದೇವರನ್ನು ಬೈದನೆಂದು ಹೇಳಿಸಿ, ಊರವರಿಂದಲೇ ಕಲ್ಲು ಹೊಡೆಸಿ ಕೊಲ್ಲಿಸಿದಳು. ರಾಜ ಎದ್ದು ತೋಟ ತನ್ನದು ಮಾಡಿಕೊಳ್ಳಲು ಇಳಿದು ಹೋದ.

"ಇಲ್ಲಿಗಿ ನಿಲ್ಲಿಸ್ತೀನ್ರಿ ಮಾಮಾ. ಈಗ ನಿಮ್ಮ ತೀರ್ಪು."

ಮಾವ ಹೊರಸಿನ ಅಂಚು ಹಿಡಿದರು. ನಾನು ಮೊರದಿಂದ ತಲೆಯೆತ್ತಿ ನೋಡಿದೆ. ಕರಿ ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ.

"ತಲಿ ನೋಯಾಕತ್ತದ. ಪುಸ್ತಕ ಮುಚ್ಚು."

ಆ ದಿನ ಊಟ ಅರ್ಧಕ್ಕೆ ಬಿಟ್ಟರು. ಮರುದಿನ ಓದಿಸಲಿಲ್ಲ, ಅದರ ಮರುದಿನವೂ ಇಲ್ಲ. ಅವರಿಗೆ ಇಷ್ಟದ ಪುಂಡಿಪಲ್ಲೆ ಮಾಡಿದರೂ ಒಂದೇ ರೊಟ್ಟಿ. ಅತ್ತೆ ಕೇಳಿದರೆ ಕಣ್ಣು ನೋವು ಎಂದರು. ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಭಾನುವಾರ ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದೆವು. ಮಾವ ಮಾತ್ರ ಹೊರಸಿನ ಮೇಲೇ. ನಡೆದದ್ದನ್ನು ನಾನು ನಮ್ಮನೆಯವರಿಗೆ ಹೇಳಿಬಿಟ್ಟಿದ್ದೆ, ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದ್ದೆ. ಅವರು ತಾಟಿಗೆ ಕೈ ಹಚ್ಚುವ ಮೊದಲೇ ಶುರು ಮಾಡಿದರು.

"ಪ್ರೀತಿ, ಖರೇ ಹೇಳು. ಆ ಕಥಿ ಓದು ಅಂತ ನಿನಗ ಹೇಳಿಕೊಟ್ಟವರು ಯಾರು? ಬಂಡಮ್ಮನ ಮನಿ ನಿಮ್ಮ ತವರುಮನಿ ಓಣ್ಯಾಗೇ ಅದಲ್ಲ?"

ಪ್ರೀತಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಏನಂದ್ರಿ ಭಾವಾರ?"

"ನಾ ಬೇಲಿ ಹಾಕಾಕ ನಿಂತೀನಿ. ನೀ ಹೊಲಾ ಕಸಗೊಂಡ ರಾಜನ ಕಥಿ ಓದ್ತಿ. ಇದೇನು ಹಂಗೇ ಆಯ್ತೇನು? ಅಪ್ಪ ಊಟಾ ಬಿಟ್ಟು ಮಲಗ್ಯಾನ!"

"ಹೌದಲ್ಲ ಮತ್ತ" ಎಂದು ನಾನೂ ಸೇರಿಸಿದೆ. "ಬ್ಯಾರೆ ಕಥಿ ಸಿಗಲಿಲ್ಲೇನು ನಿನಗ?"

ವಿವೇಕಾನಂದ ತಾಟು ಸರಿಸಿದ. "ಅಣ್ಣಾ, ಮಾತು ಹಿಡದು ಆಡು. ವೈನಿ, ನೀವೂನು."

"ನೀವು ಸುಮ್ಮನಿರ್ರಿ, ನನಗ ಮಾತು ಬರ್ತದ" ಎಂದಳು ಪ್ರೀತಿ. ಆಕೆಯ ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. "ಭಾವಾರ, ನಾ ಸಾಲಾಗಿ ಓದಾಕತ್ತೀನಿ. ಮೊನ್ನಿ ಅದರ ಹಿಂದಿನ ಅಧ್ಯಾಯ, ಆವತ್ತು ಅದು. ಕಾಶಿರಾಯ ಕಾಕಾಗೂ ಅದಕ್ಕೂ ಏನ್ರಿ ಸಂಬಂಧ? ಕಲ್ಲಿನ ವಿಷಯದಾಗ ಸುಳ್ಳ ಹೇಳಿದವ ಅವನೇ ಅಂತ ಕಮಲಾಪುರಕ್ಕೇ ಗೊತ್ತದ. ನಾವು ಸಣ್ಣವರಿದ್ದಾಗ ಗುರುಲಿಂಗ ಸಾಲಿಗಿ ಬಂದ್ರ, ಸುಳ್ಳಗಾರನ ಮಗ ಬಂದ ಅಂತ ಓಡಿಸಾಡ್ತಿದ್ವಿ. ನಾನೂ ಅಂದೀನಿ. ಅವ ಆರನೇ ಇಯತ್ತೆಗೇ ಸಾಲಿ ಬಿಟ್ಟ. ನಾ ಅವರ ಕಡಿಯಾಕಿ ಅಲ್ರಿ. ನಾ ಈ ಮನಿಯಾಕಿ."

"ಕಾಶಿರಾಯ ಸುಳ್ಳ ಹೇಳಿದ್ದಿಲ್ಲ."

ಹೊರಸಿನ ಕಡೆಯಿಂದ ಬಂದ ದನಿ. ಮಾವ ಎದ್ದು ಕೂತಿದ್ದರು.

"ಕಲ್ಲು ಸರಿಸಿದವ ನಾ. ಬಾವಿ ನಮ್ಮ ಕಡಿ ಬರಲಿ ಅಂತ ಸರಿಸಿದೆ. ಹಳೆ ಕುಣ್ಯಾಗಿನ ಇದ್ದಿಲು ಬಗದು ತಂದು ಹೊಸ ಕುಣಿಗಿ ಹಾಕಿದೆ. ಅಗದು ನೋಡ್ತಾರ ಅಂತ ಗೊತ್ತಿತ್ತು ನನಗ. ಪಂಚ ಅಲ್ಲೇನು ನಾ?"

ಅತ್ತೆ ರೊಟ್ಟಿಯ ಬುಟ್ಟಿ ಮುಚ್ಚಿದರು.

"ನನಗ ಗೊತ್ತಿತ್ತು" ಎಂದರು ಅತ್ತೆ. "ಆವತ್ತಿನ ನಿಮ್ಮ ಧೋತರ ನಾನೇ ಒಗದೀನಿ. ಮೂರು ಸಲ ಒಗದ್ರೂ ಇದ್ದಿಲ ಕಪ್ಪು ಹೋಗಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ನಂದೂ ತಪ್ಪದ."

ನಮ್ಮನೆಯವರು ಎದ್ದು ನಿಂತರು. "ಇಷ್ಟು ದಿನಾ ಬಾಯಿ ಮುಚ್ಚಿದವರು ಇನ್ನೂ ಮುಚ್ಚಿಕೊಂಡಿರ್ರಿ! ಕಂಬ ಇಳಿಸೀನಿ. ನಾಳೆ ಬೇಲಿ ಎಳದ್ರ ಮುಗೀತು. ಊರಾಗ ನಾ ಹ್ಯಾಂಗ ಮುಖಾ ತೋರಿಸ್ಲಿ?" ಎಂದವರೇ ಬೈಕ್ ತೆಗೆದುಕೊಂಡು ಹೋಗಿಬಿಟ್ಟರು. ಅವರ ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು.

ಪ್ರೀತಿಗೆ ನಾನು ಏನು ಹೇಳಲಿ? ಪಾತ್ರೆ ತೊಳೆಯುವಾಗ ಆಕೆಯ ಕೈಯಿಂದ ಕಡಾಯಿ ಕಸಿದುಕೊಂಡು, "ನೀ ಹೋಗು, ನಾ ಬೆಳಗ್ತೀನಿ" ಎಂದೆ. ಆಕೆ ಹೋಗಲಿಲ್ಲ. ಇಬ್ಬರೂ ಸೇರಿ ಬೆಳಗಿದೆವು.

ಮರುದಿನ ಬೇಲಿಯೇನೂ ಎಳೆಯಲಿಲ್ಲ, ನಮ್ಮನೆಯವರು ಸುಮ್ಮನೆ ಅಂಗಳದಲ್ಲಿ ಬೈಕ್ ಒರೆಸುತ್ತಾ ಕೂತರು. ಮಧ್ಯಾಹ್ನ ಮಾವ ಪ್ರೀತಿಯನ್ನು ಕರೆದರು.

"ಆ ರಾಜಗ ನಿಮ್ಮ ದೇವರು ಏನಂದ, ಓದು."

ಪ್ರೀತಿ ಓದಿದಳು. ಎಲೀಯನೆಂಬ ಪ್ರವಾದಿ ನೇರವಾಗಿ ಆ ತೋಟಕ್ಕೇ ಬಂದ. ಕೊಂದದ್ದೂ ಅಲ್ಲದೆ ಆಸ್ತಿಯನ್ನೂ ನುಂಗಿದೆಯಾ ಎಂದು ರಾಜನ ಮುಖಕ್ಕೆ ಕೇಳಿದ. ನಿನಗೂ ನಿನ್ನ ಮನೆತನಕ್ಕೂ ಹೀಗೆ ಹೀಗೆ ಆಗುತ್ತದೆ ಎಂದ. ರಾಜ ಬಟ್ಟೆ ಹರಿದುಕೊಂಡು, ಗೋಣಿತಟ್ಟು ಉಟ್ಟು, ಉಪವಾಸ ಬಿದ್ದ. ಆಗ ದೇವರು, ಇವನು ನನ್ನ ಮುಂದೆ ತಗ್ಗಿದ್ದಾನೆ, ಆದ್ದರಿಂದ ಇವನ ಕಾಲದಲ್ಲಿ ಕೇಡು ತರುವುದಿಲ್ಲ. ಇವನ ಮಗನ ಕಾಲದಲ್ಲಿ ತರುತ್ತೇನೆ ಎಂದ.

"ಇನ್ನೊಮ್ಮಿ ಓದು, ಕಡೀದು."

ಓದಿದಳು.

"ಈ ತೀರ್ಪು ನಾ ಒಪ್ಪಂಗಿಲ್ಲ."

"ಅಯ್ಯ, ದೇವರ ತೀರ್ಪು ಅದು!" ಎಂದರು ಅತ್ತೆ.

"ಯಾರದರ ಇರಲಿ. ರಾಜ ಅತ್ತ, ಉಪವಾಸ ಮಾಡಿದ. ತೋಟಾ ವಾಪಸ್ ಕೊಟ್ಟನೇನು?"

ಪ್ರೀತಿ ಬೆರಳಿಟ್ಟು ಸಾಲುಗಳನ್ನು ನೋಡಿದಳು. "ಕೊಟ್ಟ ಅಂತ ಬರದಿಲ್ರಿ ಮಾಮಾ."

"ನೋಡು! ಮೂರು ದಿನಾ ಊಟಾ ಬಿಟ್ಟು ನಾನೂ ಮಲಗಿದ್ದೆ. ಅದರಿಂದ ಬಂಡಮ್ಮಗ ಏನ್ ಬಂತು? ಆ ರೈತನ ಹೆಂಡ್ತಿ ಮಕ್ಕಳು ಎತ್ತ ಹೋದ್ರು? ಉಂಡವ ಅಪ್ಪ, ಪೆಟ್ಟು ತಿನ್ನಾವ ಮಗ, ಇದು ಯಾವ ನ್ಯಾಯ? ಇಲ್ಲಿ ಆ ಗುರುಲಿಂಗ, ಅಪ್ಪ ಮಾಡದಿದ್ದ ತಪ್ಪಿಗಿ ಸಾಲಿ ಬಿಟ್ಟ. ಇನ್ನ ನನ್ನ ಮಕ್ಕಳ ಪಾಳಿ ಬರಬೇಕೇನು?"

"ಮುಂದ ಇನ್ನೊಬ್ಬ ಪ್ರವಾದಿ ಬರ್ತಾನ್ರಿ, ಯೆಹೆಜ್ಕೇಲ" ಎಂದಳು ಪ್ರೀತಿ ಮೆಲ್ಲಗೆ. "ಅಪ್ಪನ ಪಾಪ ಮಗ ಹೊರೂದು ಬ್ಯಾಡ, ಮಾಡಿದವನೇ ಹೊರಲಿ ಅಂತ ದೇವರೇ ಅವನ ಬಾಯಿಲೆ ಹೇಳಸ್ತಾನ."

"ಹಾಂ! ನಿಮ್ಮ ದೇವರು ವಿಚಾರ ಮಾಡೋ ದೇವರು. ಅದಕ್ಕ ಒಪ್ಪಿದೆ. ಏ ವಿವೇಕಾ, ಡ್ರೈವರ್ ಚಾಂದಪಾಶಾಗ ಗುರುವಾರ ಕಾರ್ ತರಾಕ ಹೇಳು. ಕಮಲಾಪುರಕ್ಕ ಹೋಗದದ."

"ಕಣ್ಣಿಗಿ ಇನ್ನೂ ಹತ್ತು ದಿನಾ ಉಳದಾವ" ಎಂದೆ ನಾನು.

"ಇಪ್ಪತ್ತೆರಡು ವರ್ಷ ಕಣ್ಣಿದ್ದು ಏನು ನೋಡಿದೆ ನಾ?"

ಗುರುವಾರ ಬೆಳಿಗ್ಗೆ ಹೊರಟೆವು. ನಮ್ಮನೆಯವರು ಬರಲಿಲ್ಲ. "ನನಗ ಆ ತಮಾಷಾ ನೋಡೋದು ಆಗಂಗಿಲ್ಲ" ಎಂದು ಬಾಗಿಲಲ್ಲಿ ನಿಂತುಬಿಟ್ಟರು. ಮಾವ ತಿರುಗಿ ಕೂಡ ನೋಡಲಿಲ್ಲ.

ಕಮಲಾಪುರದ ಕಟ್ಟೆಯ ಮುಂದೆ ಮೂವತ್ತು ನಲವತ್ತು ಜನ. ಪಂಚರು ಜಾಗ ಬಿಟ್ಟು ಸರಿದರು. ಮಾವ ಮೇಲೆ ಹತ್ತಲಿಲ್ಲ. ಕೆಳಗೆ, ತಪ್ಪಿತಸ್ಥರನ್ನು ನಿಲ್ಲಿಸುವ ಜಾಗದಲ್ಲಿ ನಿಂತರು. ತಲೆಯ ರುಮಾಲು ತೆಗೆದು ನೆಲದ ಮೇಲಿಟ್ಟರು. ನಾನು ಅವರ ಬರಿತಲೆಯನ್ನು ಹೊರಗೆ ಎಲ್ಲೂ ನೋಡಿದವಳಲ್ಲ.

ಎಲ್ಲ ಹೇಳಿದರು. ಕಲ್ಲು, ಬಾವಿ, ಇದ್ದಿಲು, ಒಂದನ್ನೂ ಬಿಡಲಿಲ್ಲ. ಆಮೇಲೆ ದನಿಯೇರಿಸಿ, "ತೀರ್ಪು ಹೇಳ್ತೀನಿ ಕೇಳ್ರಿ. ಹತ್ತು ಗುಂಟೆ, ಬಾವಿ, ಅದರಾಗ ನಿಂತ ಕೆಂಪು ಬಾಳಿ, ಎಲ್ಲಾ ಬಂಡಮ್ಮಂದು. ಒಂದು ಗೊನಿ ನಾವು ಮುಟ್ಟಂಗಿಲ್ಲ. ಇವತ್ತಿನಿಂದ ನಾ ಈ ಕಟ್ಟಿ ಮ್ಯಾಲ ಕೂಡಂಗಿಲ್ಲ" ಎಂದರು.

ಜನ ಗುಜುಗುಜು ಮಾಡಿದರು. ಕೆಲವರು ಭಪ್ಪರೆ ಎಂದರು. ಆಗ ಬಂಡಮ್ಮ ಮುಂದೆ ಬಂದಳು. ಸಣ್ಣ ಆಳು, ಹೊಲದ ಕೆಸರು ಇನ್ನೂ ಕಾಲಲ್ಲಿತ್ತು. ಪಕ್ಕದಲ್ಲಿ ಗುರುಲಿಂಗ.

"ಅಣವೀರಪ್ಪಣ್ಣ, ಹೊಲಾ ತಗೋತೀನಿ. ಅದು ನಂದೇ ಅದ, ನೀ ಕೊಟ್ಟಿದ್ದಲ್ಲ. ಆದ್ರ ತಪ್ಪು ಮಾಡಿದಾವನೇ ತೀರ್ಪು ಹೇಳೋದು ಯಾವ ಪದ್ಧತಿ? ಆವತ್ತೂ ನಿನ್ನ ಮಾತೇ, ಇವತ್ತೂ ನಿನ್ನ ಮಾತೇ?"

ಮಾವನ ಕೆನ್ನೆ ಒಮ್ಮೆ ಬಿಗಿಯಿತು. ನಾನು ಶರಣು ಶರಣು ಎಂದುಕೊಂಡೆ, ಈ ಮನುಷ್ಯ ಈಗ ಸಿಡಿಯುತ್ತಾರೆ ಎಂದು. ಸಿಡಿಯಲಿಲ್ಲ.

"ಖರೇ ಅದ. ನೀ ಹೇಳವ್ವ. ನೀ ಹೇಳಿದ್ದೇ ತೀರ್ಪು."

"ನನ್ನ ಗಂಡ ಹೊಲಾ ಹೋಯ್ತು ಅಂತ ಕೊರಗಲಿಲ್ಲ. ಸುಳ್ಳಗಾರ ಅಂದ್ರಲ್ಲ, ಅದಕ್ಕ ಕೊರಗಿ ಸತ್ತ. ಓಣಿ ಓಣಿ ಆ ಮಾತು ಹೊಕ್ಕದ. ನೀ ಕಟ್ಟಿ ಮ್ಯಾಲ ಹೇಳಿದ್ರ ಅದು ಹೊರಗ ಬರಂಗಿಲ್ಲ. ನಮ್ಮ ಓಣ್ಯಾಗ ನಲವತ್ತು ಮನಿ ಅವ. ಒಂದೊಂದು ಬಾಗಲಾಗ ನಿಂತು ಹೇಳು, ಕಾಶಿರಾಯ ಖರೇ ಹೇಳಿದ್ದ ಅಂತ."

"ನಲವತ್ತು ಮನಿ!" ಎಂದರು ಅತ್ತೆ. "ಕಣ್ಣು ಇನ್ನೂ ಹಸಿ ಅದಾವ..."

"ಸುಮ್ಮನಿರು ಕಸ್ತೂರಿ" ಎಂದರು ಮಾವ. "ನಡೀ ಪ್ರೀತಿ, ಕೈ ಹಿಡಿ."

ರುಮಾಲನ್ನು ಅಲ್ಲೇ ಬಿಟ್ಟು ಹೊರಟರು. ಅದನ್ನು ಎತ್ತಲು ಹೋದ ವಿವೇಕಾನಂದನಿಗೆ ಅತ್ತೆ ಬೇಡವೆಂದು ಸನ್ನೆ ಮಾಡಿದರು.

ಮೊದಲ ಬಾಗಿಲಲ್ಲಿ ದನಿ ಸಣ್ಣದಾಯಿತು. "ಕೇಳಸಲಿಲ್ಲ" ಎಂದಳು ಹಿಂದೆ ನಿಂತ ಬಂಡಮ್ಮ. ಮಾವ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಎರಡನೆಯ ಮನೆ, ಮೂರನೆಯ ಮನೆ. ನಬಿಸಾಬನ ಮನೆಯ ಮುದುಕಿ ಕೈಮುಗಿದು, "ಅಲ್ಲಾ, ನೀವ್ಯಾಕ್ರಿ ಹೀಂಗ" ಎಂದು ಅತ್ತಳು. ಪ್ರೀತಿಯ ತವರುಮನೆಯ ಬಾಗಿಲೂ ಬಂತು. ಬೀಗರ ಮುಂದೆ, ಬರಿತಲೆಯಲ್ಲಿ, ಬಿಸಿಲಲ್ಲಿ ನಿಂತು ಅದನ್ನೇ ಹೇಳಿದರು. ಅಲ್ಲಿ ಪ್ರೀತಿ ಮಾವನ ಕೈಬಿಟ್ಟು, ಗುರುಲಿಂಗನ ಮುಂದೆ ಹೋಗಿ, "ನಾನೂ ನಿನಗ ಅಂದೀನಿ. ತಪ್ಪಾತು ಅಣ್ಣ" ಎಂದಳು. ಗುರುಲಿಂಗ ಹೆಗಲ ಮೇಲಿನ ಟವೆಲ್ ತೆಗೆದು ಮಾವನ ತಲೆಗೆ ನೆರಳಾಗಲೆಂದು ಕೊಟ್ಟ. ಮಾವ ತೆಗೆದುಕೊಳ್ಳಲಿಲ್ಲ. "ಮುಗೀಲಿ ತಮ್ಮಾ, ಆಮ್ಯಾಲ" ಎಂದರು.

ಇಪ್ಪತ್ತೈದನೆಯ ಮನೆಯೋ ಏನೋ, ಗಂಟಲು ಕಟ್ಟಿ ಕೆಮ್ಮು ಹತ್ತಿತು. ಮಾತೇ ಹೊರಡದು. ನಾನು ತಂಬಿಗೆ ಹಿಡಿದು ಓಡುವಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಬೈಕ್ ನಿಂತದ್ದು ಕಂಡಿತು. ನಮ್ಮನೆಯವರು. ಎಷ್ಟು ಹೊತ್ತಿನಿಂದ ಹಿಂದೆ ಬರುತ್ತಿದ್ದರೋ, ಅಂಗಿ ಬೆವರಿನಿಂದ ತೊಯ್ದಿತ್ತು. ಬಂದವರೇ ಅಪ್ಪನ ಇನ್ನೊಂದು ರಟ್ಟೆ ಹಿಡಿದು, ತೆರೆದ ಬಾಗಿಲ ಕಡೆ ತಿರುಗಿ, "ಕಾಶಿರಾಯ ಖರೇ ಹೇಳಿದ್ದ. ನಮ್ಮಪ್ಪ..." ಎಂದು ಶುರು ಮಾಡಿದರು.

ಮಾವ ಅವರ ಬಾಯಿಯ ಮೇಲೆ ಕೈಯಿಟ್ಟರು.

"ನೀ ಹೇಳಬ್ಯಾಡ ಸುನೀಲ. ಇದರ ಪಾಳಿ ನಿನಗ ಬರಬಾರ್ದು. ನಂದು ಇದು, ನನ್ನ ಕೂಡೇ ಮುಗೀಬೇಕು."

ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ನೆಟ್ಟಗೆ ನಿಂತರು. "ನಾ ಅಣವೀರಪ್ಪ. ಕಾಶಿರಾಯ ಖರೇ ಹೇಳಿದ್ದ. ಸುಳ್ಳ ಹೇಳಿದವ ನಾ." ಕಟ್ಟೆಯ ಮೇಲೆ ಕೂತು ತೀರ್ಪು ಹೇಳುವಾಗಲೂ ಆ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ನಾನು ಕೇಳಿರಲಿಲ್ಲ.

ಆ ಮನೆಗೆ ಹೊಸದಾಗಿ ಬಂದ ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. ಏನೂ ತಿಳಿಯದೆ ಮುದುಕನನ್ನು ನೋಡಿದಳು, ಖಾಲಿ ತಂಬಿಗೆ ಹಿಡಿದ ನನ್ನನ್ನು ನೋಡಿದಳು.

"ಇವ್ರು ಯಾರ್ರಿ? ನೀವು ಇವರಿಗಿ ಏನಾಗಬೇಕು?"

ನಾನು ಸೆರಗು ಸರಿಮಾಡಿಕೊಂಡೆ.

"ನಮ್ಮ ಮಾವ. ನಾ ಇವರ ಹಿರಿ ಸೊಸಿ. ಇಕಿ ಸಣ್ಣ ಸೊಸಿ" ಎಂದೆ. ಇಡೀ ಓಣಿಗೆ ಕೇಳಲೆಂದೇ ಅಂದೆ.